ಚಪ್ಪಾಳೆಗೆ ಮುಂಚೆ ಇಳಿದ ಪರದೆ

ಆ ನಾಟಕಮಂದಿರದಲ್ಲಿ ಎಲ್ಲರೂ ಅವರನ್ನು ಕರೆಯುತ್ತಿದ್ದದ್ದು ಪರದೆ ಮಾವ ಎಂದೇ. ವೇದಿಕೆಯ ಎಡಪಕ್ಕದಲ್ಲಿ ಒಂದು ಸ್ಟೂಲು, ಗೋಡೆಯಲ್ಲಿ ಒಂದು ಕಬ್ಬಿಣದ ಕೊಕ್ಕೆ, ಅದಕ್ಕೆ ಸುತ್ತಿದ ಹೆಬ್ಬೆರಳು ಗಾತ್ರದ ಹಗ್ಗ. ಅವರ ಕಚೇರಿ ಅಂದರೆ ಅಷ್ಟೇ. ಹಗ್ಗ ಎಳೆದರೆ ಪರದೆ ಮೇಲಕ್ಕೆ, ಸಡಿಲ ಬಿಟ್ಟರೆ ಕೆಳಕ್ಕೆ. ಮೋಟಾರು ಹಾಕಿಸೋಣ ಎಂದವರಿಗೆಲ್ಲ ಮಾವ, "ಮೋಟಾರಿಗೆ ಕಿವಿ ಇದೆಯೇನಪ್ಪಾ?" ಎಂದು ಕೇಳಿ ಬಾಯಿ ಮುಚ್ಚಿಸುತ್ತಿದ್ದರು.

ಕಿವಿಯ ಮಾತು ಸುಮ್ಮನೆ ಆಡಿದ್ದಲ್ಲ. ಚಪ್ಪಾಳೆ ಬೀಳದೆ ಪರದೆ ಬೀಳಬಾರದು, ಇದು ಮಾವನ ಕಟ್ಟಳೆ. ಕೆಲಸಕ್ಕೆ ಸೇರಿದ ಹೊಸದರಲ್ಲಿ ಒಬ್ಬ ಮುದಿ ನಟನ ಕೊನೆಯ ನಾಟಕದ ದಿನ ಅವಸರಪಟ್ಟು ಹಗ್ಗ ಬಿಟ್ಟಿದ್ದರು. ಮುಗಿಯಿತೋ ಇಲ್ಲವೋ ತಿಳಿಯದೆ ಜನ ಗುಸುಗುಸು ಮಾಡುತ್ತ ಎದ್ದು ಹೋದರು. ಆ ನಟ ಪರದೆಯ ಹಿಂದೆ ಕಾದ, ಕಾದ, ಕೊನೆಗೆ ತುಟಿ ಪಿಟಿಕ್ಕೆನ್ನದೆ ಬಣ್ಣ ಒರೆಸಿಕೊಳ್ಳಲು ಹೋದ. ಬೈದಿದ್ದರೆ ಮಾವನಿಗೆ ಎಷ್ಟೋ ವಾಸಿಯಿತ್ತು. ಅಲ್ಲಿಂದ ಮೂವತ್ತೊಂದು ವರ್ಷ, ಎಂಥ ಕಳಪೆ ನಾಟಕವಾದರೂ ಸರಿ, ನಾಲ್ಕು ಕೈಯಾದರೂ ತಟ್ಟುವ ತನಕ ಅವರು ಹಗ್ಗ ಬಿಟ್ಟವರಲ್ಲ.

ಹೀಗಿರುವಾಗ ದೂರದ ಒಂದು ದೇಶದಿಂದ ನೃತ್ಯದ ತಂಡ ಬಂತು. ಇಲ್ಲಿಯ ನಾಟಕದವರು ಅಲ್ಲಿಗೆ, ಅಲ್ಲಿಯ ನರ್ತಕರು ಇಲ್ಲಿಗೆ ಎಂದು ಎರಡು ಸರ್ಕಾರಗಳೂ ಒಪ್ಪಂದ ಮಾಡಿಕೊಂಡಿದ್ದವಂತೆ. ಒಟ್ಟು ಎರಡು ಪ್ರದರ್ಶನ. ತಂಡದ ಹಿರಿಯಳು ಎಪ್ಪತ್ತು ದಾಟಿದ ಹೆಂಗಸು, ಕಡ್ಡಿಯಂಥ ಮೈ, ಕಣ್ಣು ಮಾತ್ರ ಕೆಂಡ. ಅವಳದು ಯಾರದೋ ದಾರಿ ಕಾಯುವ ಹೆಂಗಸಿನ ನೃತ್ಯ. ಕೊನೆಯಲ್ಲಿ ನೆಲದ ಮೇಲೆ ಕೂತು, ಎರಡೂ ಅಂಗೈ ಊರಿ, ತಲೆ ಬಾಗಿಸಿ ಹಾಗೇ ಉಳಿಯುತ್ತಾಳೆ. "ಅಜ್ಜಿ ತಲೆ ಬಗ್ಗಿಸಿದ ಮೇಲೆ ಪರದೆ ಇಳಿಸ್ಬೇಕು ಮಾವ" ಎಂದು ದುಭಾಷಿ ಹುಡುಗಿ ಹೇಳಿದ್ದಳು. ಚಪ್ಪಾಳೆ ಬಿದ್ದ ಮೇಲೆ ತಾನೆ, ಅದನ್ನೇನು ಬಿಡಿಸಿ ಹೇಳಬೇಕೆ ಎಂದುಕೊಂಡು ಮಾವ ತಲೆಯಾಡಿಸಿದ್ದರು.

ಮೊದಲ ದಿನ ಅಜ್ಜಿ ತಲೆ ಬಾಗಿಸಿದಳು. ಮಾವ ಚಪ್ಪಾಳೆಗೆ ಕಾದರು. ಇನ್ನೂ ಏನೋ ಇದೆ ಎಂದು ಜನ ಕಾದರು. ಅಜ್ಜಿ ಪರದೆಗೆ ಕಾದಳು. ಒಂದು ನಿಮಿಷವಾಯಿತು, ಎರಡಾಯಿತು, ಸೂಜಿ ಬಿದ್ದರೂ ಕೇಳುವಂತಿತ್ತು. ಎದುರು ಪಕ್ಕದಿಂದ ದುಭಾಷಿ ಕೈಬಾಯಿ ಸನ್ನೆ ಮಾಡಿದ್ದೇ ಮಾಡಿದ್ದು. ಅಜ್ಜಿಯ ಮೊಣಕೈ ಸೋಲುತ್ತಿರುವುದು ಮಾವನಿಗೆ ಕಂಡಿತು. ಹಗ್ಗವನ್ನು ಕೊಕ್ಕೆಗೆ ಸಿಕ್ಕಿಸಿ ತಾವೇ ಪಟಪಟ ಚಪ್ಪಾಳೆ ತಟ್ಟಿಬಿಟ್ಟರು. ಜನರೂ ಶುರು ಹಚ್ಚಿಕೊಂಡರು. ಪರದೆ ಇಳಿಯಿತು. ಅಜ್ಜಿಯ ಮಾನ ಉಳಿಸಿದೆ ಎಂದು ಮಾವ ಬೆವರು ಒರೆಸಿಕೊಂಡರೆ, ಅಜ್ಜಿ ಸೀದಾ ಅವರೆದುರು ಬಂದು ನಿಂತಳು.

ದುಭಾಷಿ ಹಿಂದೆಯೇ ಓಡಿಬಂದು ಹೇಳಿದಳು: "ಆ ಮೌನಾನೂ ನೃತ್ಯದ್ದೇ ಅಂತೆ ಮಾವ. ಪರದೆ ಅದರೊಳಗೇ ಇಳೀಬೇಕಂತೆ. ಮೊದಲು ಚಪ್ಪಾಳೆ ಬಿದ್ರೆ ನೃತ್ಯ ಅರ್ಧಕ್ಕೆ ಮುರಿದ ಹಾಗಂತೆ. ನಾಳೇನೂ ಹೀಗೇ ಆದ್ರೆ ಇದನ್ನ ಮಾಡಲ್ವಂತೆ."

ಮ್ಯಾನೇಜರು ಮೀನಮೇಷ ಎಣಿಸಲಿಲ್ಲ. "ನಾಳೆ ಲೈಟಿನವನು ಎಳೀಲಿ ಬಿಡಿ" ಎಂದುಬಿಟ್ಟರು.

ಮಾವ ಇಂಗು ತಿಂದ ಮಂಗನಂತೆ ನಿಂತರು. ತಮ್ಮ ಹಗ್ಗವನ್ನು ಇನ್ನೊಬ್ಬ ಮುಟ್ಟುವುದೇ? ಆದರೆ ಅವರಿಗೆ ನಿಜವಾಗಿ ಭಯವಿದ್ದದ್ದು ಬೇರೆ. ಪರದೆ ಇಳಿದ ಮೇಲೆ ಈ ಹೆಂಗಸಿಗೂ ಆ ನಟನ ಗತಿಯೇ ಆದರೆ?

ಮರುದಿನ ಬೆಳಿಗ್ಗೆ ಅಭ್ಯಾಸಕ್ಕೆ ಬಂದ ಅಜ್ಜಿಯ ಮುಂದೆ ನಿಂತು, ದುಭಾಷಿಯ ಮೂಲಕ ಮುದಿ ನಟನ ಕತೆಯನ್ನೆಲ್ಲ ಹೇಳಿದರು. ಹೆಂಡತಿಯ ಹತ್ತಿರವೂ ಹೇಳಿರದ ಕತೆ ಅದು. ಕೊನೆಗೆ ಕೇಳಿದರು, "ಚಪ್ಪಾಳೆ ಬರದೇ ಹೋದ್ರೆ ಏನ್ ಮಾಡ್ತಾರೆ, ಕೇಳಮ್ಮಾ."

ಅಜ್ಜಿ ಪೂರ್ತಿ ಕೇಳಿಸಿಕೊಂಡು ಎರಡೇ ಮಾತು ಆಡಿದಳು. ದುಭಾಷಿ ನಕ್ಕು ಹೇಳಿದಳು: "ಬರದಿದ್ರೆ ಬೇಡ ಅಂತಾರೆ ಮಾವ. ಪರದೆ ಈಚೆ ನೀವಿದೀರಲ್ಲ, ಇಬ್ಬರಿದ್ರೆ ಸಾಕು ಅಂತಾರೆ."

ಮಾವ ಮ್ಯಾನೇಜರ ಕೋಣೆಗೆ ಹೋಗಿ, "ಸಾಯಂಕಾಲ ನಾನೇ ಎಳೀತೀನಿ" ಎಂದು ಹೇಳಿ, ಉತ್ತರಕ್ಕೂ ಕಾಯದೆ ಬಂದರು.

ಸಂಜೆ ಅಜ್ಜಿ ತಲೆ ಬಾಗಿಸಿದಾಗ ಮಾವ ಕೊಕ್ಕೆಯಿಂದ ಹಗ್ಗ ಬಿಡಿಸಿದರು. ಕಿವಿ ಬೇಡ ಎನ್ನುತ್ತಿತ್ತು, ಕೈ ಹಗ್ಗ ಬಿಡತೊಡಗಿತು. ಗೇಣು ಗೇಣಾಗಿ, ಮಗುವಿಗೆ ಹೊದಿಸಿದಷ್ಟು ಮೆಲ್ಲಗೆ ಪರದೆ ಇಳಿದು ನೆಲ ಮುಟ್ಟಿತು. ಆಚೆ ಸದ್ದಿಲ್ಲ. ಒಂದು ಕೆಮ್ಮು ಕೇಳಿಸಿತು, ಕುರ್ಚಿಯೊಂದು ಕಿರುಗುಟ್ಟಿತು. ಎದ್ದು ಹೋಗುತ್ತಿದ್ದಾರೆ, ಮುಗೀತು ಎಂದು ಮಾವ ಕಣ್ಣು ಮುಚ್ಚಿಕೊಂಡರು.

ಆಗ ಬಂತು ಚಪ್ಪಾಳೆ. ಎಲ್ಲೋ ಹಿಂದಿನ ಸಾಲಿನಲ್ಲಿ ಹುಟ್ಟಿ ಇಡೀ ಮಂದಿರಕ್ಕೆ ಹಬ್ಬಿತು. ಪರದೆಯ ಬಟ್ಟೆ ದಾಟಿ ಬಂದಾಗ ಅದು ಬೇರೆಯೇ ಸದ್ದು, ದಪ್ಪ, ಮೆತ್ತಗೆ. ಅಜ್ಜಿ ತಲೆ ಎತ್ತಿ ಮಾವನ ಕಡೆ ತಿರುಗಿ, ತನ್ನ ಪಕ್ಕದ ನೆಲವನ್ನು ಅಂಗೈಯಿಂದ ತಟ್ಟಿ ತೋರಿಸಿದಳು. ಮಾವ ಹಗ್ಗ ಸುತ್ತಿಟ್ಟು, ಚಪ್ಪಲಿ ಬಿಟ್ಟು ಹೋಗಿ ಕೂತರು. ಎದುರು ಪಕ್ಕದಿಂದ ಮ್ಯಾನೇಜರು, ಪರದೆ ಎತ್ತಿ ಎಂದು ಎರಡೂ ಕೈ ಬೀಸುತ್ತಿದ್ದರು. ಬೀಸಲಿ ಎಂದು ಮಾವ ಕೂತೇ ಇದ್ದರು.

ಮನೆಗೆ ನಡೆಯುವಾಗ ಹೆಂಡತಿ ಸುಮ್ಮನಿರುತ್ತಾಳೆಯೇ? ಅವಳೂ ಜನರ ನಡುವೆ ಕೂತು ನೋಡಿದವಳು.

"ಏನ್ರೀ, ನಾವು ಕೈ ನೋಯೋ ಹಾಗೆ ತಟ್ತಾ ಇದ್ರೆ ಪರದೆ ಎತ್ತೋದು ಬಿಟ್ಟು ನಿದ್ದೆ ಹೋಗಿದ್ರಾ?"

"ಇಲ್ಲ ಕಣೆ. ಆ ಅಜ್ಜಿ ಪಕ್ಕ ಕೂತು ಕೇಳ್ತಾ ಇದ್ದೆ."

"ಏನನ್ನ?"

"ಚಪ್ಪಾಳೇನ. ಇಷ್ಟು ವರ್ಷ ಅದು ಬಂದ ಕೂಡ್ಲೇ ಹಗ್ಗ ಬಿಡೋದೇ ಆಯ್ತು. ಒಂದ್ಸಲಾನೂ ಕೂತು ಕೇಳಿರ್ಲಿಲ್ಲ ನೋಡು."