ಸೊಳ್ಳೆ ಮಾಮನ ಮೊದಲ ತಪ್ಪು

ಬೆಳಗಿನ ಆರು ಗಂಟೆಗೆ ಇನ್ನೂ ಐದು ನಿಮಿಷವಿದೆ. ಆಸ್ಪತ್ರೆಯ ನೆಲಮಹಡಿಯ ಸಣ್ಣ ಕೋಣೆಯಲ್ಲಿ ಅವರು ಅಂಗೈಗಳನ್ನು ಉಜ್ಜಿ ಬೆಚ್ಚಗೆ ಮಾಡಿಕೊಳ್ಳುತ್ತಿದ್ದಾರೆ. ತಣ್ಣನೆಯ ಕೈ ತಾಗಿದರೆ ಮಕ್ಕಳು ಸೂಜಿಗಿಂತ ಮೊದಲೇ ಚೀರುತ್ತಾರಂತೆ. ರಕ್ತ ತೆಗೆಯುವ ಈ ಮನುಷ್ಯನಿಗೆ ಆ ಮಕ್ಕಳೇ ಇಟ್ಟ ಹೆಸರು ಸೊಳ್ಳೆ ಮಾಮ. "ಈಗ ಹೆಂಡತಿನೂ ಹಾಗೇ ಕರೀತಾಳೆ, ಏನ್ಮಾಡೋದು!" ಎಂದು ನಗುತ್ತಾರೆ.

ಟೈಲರ್ ಅಂಗಡಿಯಲ್ಲಿ ಗುಂಡಿ ಹೊಲಿಯುತ್ತಿದ್ದವರು ತರಬೇತಿ ಪಡೆದು ಇಲ್ಲಿ ಸೂಜಿ ಹಿಡಿದು ಹತ್ತೊಂಬತ್ತು ವರ್ಷ. ದಿನಕ್ಕೆ ಎಪ್ಪತ್ತು ಜನ. ಮಂಗಳವಾರ ಸಿಕಲ್ ಸೆಲ್ ಕಾಯಿಲೆ ಹೊತ್ತೇ ಹುಟ್ಟಿದ ಮಕ್ಕಳ ಸರದಿ. ಚುಚ್ಚಿಸಿಕೊಂಡು ಚುಚ್ಚಿಸಿಕೊಂಡು ಅವರ ನರಗಳು ಕಣ್ಣಾಮುಚ್ಚಾಲೆ ಆಡುತ್ತವೆ. ಇವರು ತಿಂದ ಒದೆಗಳಿಗಂತೂ ಲೆಕ್ಕವಿಲ್ಲ.

ಈ ಮಕ್ಕಳ ಕೆಂಪು ರಕ್ತಕಣಗಳು ಕುಡುಗೋಲಿನಂತೆ ಬಾಗಿ ಬೇಗ ಒಡೆಯುತ್ತವೆ. ಒಡೆದಷ್ಟೂ ರಕ್ತದಲ್ಲಿ ಎಲ್‌ಡಿಎಚ್ ಎಂಬ ಅಂಶ ಏರುತ್ತದೆ. ಕಾಯಿಲೆ ಎಷ್ಟು ಜೋರಾಗಿದೆ ಎಂದು ಡಾಕ್ಟರು ಅಂದಾಜು ಮಾಡುವುದು ಅದರಿಂದಲೂ. ಆದರೆ ಸಿರಿಂಜನ್ನು ಅವಸರದಲ್ಲಿ ಎಳೆದರೆ ಕಣಗಳು ಅಲ್ಲೇ ಒಡೆದು ಅಂಕಿ ಸುಳ್ಳೇ ಏರುತ್ತದೆ. "ಒಡೆದಿದ್ದು ಮಗು ಮೈಯಲ್ಲೋ ನನ್ನ ಕೈಯಲ್ಲೋ, ಮಷೀನಿಗೆ ಗೊತ್ತಾಗಲ್ಲ" ಎನ್ನುತ್ತಾರೆ.

ಕಳೆದ ತಿಂಗಳು ಹನ್ನೊಂದು ವರ್ಷದ ಹುಡುಗಿಯೊಬ್ಬಳು ತಪಾಸಣೆಗೆ ಬಂದಿದ್ದಳು. ಸಂಜೆ ಶಾಲೆಯ ನಾಟಕದಲ್ಲಿ ಅವಳದು ರಾಣಿಯ ಪಾತ್ರ. ಸೂಜಿ ಒಳಗಿರುವಾಗಲೇ "ಯಾರಲ್ಲಿ! ಈ ಸೊಳ್ಳೆಯನ್ನು ಸೆರೆಗೆ ಹಾಕಿ!" ಎಂದು ಗರ್ಜಿಸಿದಳಂತೆ. ಒಂದು ಗಂಟೆಯ ನಂತರ ರಿಪೋರ್ಟ್ ಬಂತು. ಎಲ್‌ಡಿಎಚ್ ಹಿಂದಿನ ಸಲಕ್ಕಿಂತ ಎರಡು ಪಟ್ಟು. ಅಡ್ಮಿಟ್ ಮಾಡಬೇಕಾಗುತ್ತದೆ ಎಂದರು ಡಾಕ್ಟರಮ್ಮ. ತಾಯಿಯ ಮುಖದಲ್ಲಿ ರಕ್ತವೇ ಇಲ್ಲ. "ಹಾಗಾದ್ರೆ ನಾಟಕ?" ಎಂದಳು ಮಗಳು.

"ಅವಳ ಡೈಲಾಗಿಗೆ ನಗು ತಡೀಲಾರದೆ ಸಿರಿಂಜ್ ಜಗ್ಗಿಬಿಟ್ಟಿದ್ದೆ, ಅದು ನೆನಪಾಯ್ತು. ಮೇಡಂ, ಇನ್ನೊಂದು ಸಲ ತೆಗೀತೀನಿ ಅಂದೆ. ಕಾಯಿಲೆ ಜಾಸ್ತಿಯಾಗಿರೋದು ಬೇಡ, ದೇವ್ರೇ, ತಪ್ಪು ನಂದೇ ಆಗಿರ್ಲಿ ಅಂದ್ಕೊಂಡೆ."

ಎರಡನೇ ಸಲ ಕೋಣೆಯಲ್ಲಿ ಯಾರೂ ನಗಲಿಲ್ಲ. ಉಸಿರು ಬಿಗಿಹಿಡಿದು ನಿಧಾನಕ್ಕೆ ಎಳೆದರು. ರಿಪೋರ್ಟ್ ಬರುವವರೆಗೆ ಅವರಿಗೆ ಕೂತಲ್ಲಿ ಕೂರಲಾಗಲಿಲ್ಲ. ಬಂದ ಅಂಕಿ ಹಿಂದಿನ ತಪಾಸಣೆಯಲ್ಲಿದ್ದಷ್ಟೇ ಇತ್ತು.

ಯಾರಿಂದ ಏನು ತಪ್ಪಾಯಿತು ಎಂದು ಬರೆದಿಡಲು ಲ್ಯಾಬಿನಲ್ಲಿ ಒಂದು ಪುಸ್ತಕವಿದೆ. "ಇಷ್ಟು ವರ್ಷದಲ್ಲಿ ಅದರಲ್ಲಿ ನನ್ನ ಹೆಸರು ಬಂದಿರ್ಲಿಲ್ಲ" ಎನ್ನುತ್ತಾರೆ ಸೊಳ್ಳೆ ಮಾಮ. "ಅವತ್ತು ನಾನೇ ದಪ್ಪ ಅಕ್ಷರದಲ್ಲಿ ಬರೆದೆ. ಬರೆದು, ಸಂಜೆ ನಾಟಕ ನೋಡೋಕೆ ಹೋದೆ."