ಚೆನ್ನಾಗಿ ಬೈ

ನೀವು ನಂಬುವುದಿಲ್ಲ, ನನಗೆ ಗೊತ್ತು. ನಂಬಿಸುವ ದರ್ದು ನನಗೂ ಇಲ್ಲ. ಆದರೆ ಧೈರ್ಯವಿದ್ದರೆ ಇದನ್ನು ಸುಳ್ಳೆಂದು ಸಾಧಿಸಿ: ಪಾಂಡವಪುರದ ಸುತ್ತಮುತ್ತ ಒಂದು ಕಾಲದಲ್ಲಿ ಹಾಲಿವುಡ್ ಚಿತ್ರಗಳಿಗೆ ಕಥೆ ಕಟ್ಟುತ್ತಿದ್ದವನು ನಾನು. ಅಮೆರಿಕದವರು ಬರೀ ಬೊಂಬೆಗಳನ್ನು ಕುಣಿಸಿ ಕಳಿಸುತ್ತಿದ್ದರು. ಅವಕ್ಕೆ ಮಾತು ಕೊಡುತ್ತಿದ್ದವನು ಟೂರಿಂಗ್ ಟಾಕೀಸಿನ ಡೇರೆಯಲ್ಲಿ ಮೈಕು ಹಿಡಿದು ನಿಂತ ಈ ಮಹಾನುಭಾವ.

ಕನ್ನಡ ಚಿತ್ರದ ರೀಲು ಬರುವುದು ತಡವಾದರೆ ಡೇರೆಯ ಮಾಲೀಕರು ಮೈಸೂರಿನಿಂದ ಯಾವುದಾದರೂ ಹಳೆಯ ಇಂಗ್ಲಿಷ್ ಚಿತ್ರ ತಂದು ಓಡಿಸುತ್ತಿದ್ದರು. ಜನ ಅರ್ಥವಾಗದೆ ಅರ್ಧಕ್ಕೇ ಎದ್ದು ಹೋಗುತ್ತಿದ್ದರು. ಎಸ್ಸೆಸ್ಸೆಲ್ಸಿಯಲ್ಲಿ ಇಂಗ್ಲಿಷಿಗೆ ಡುಮ್ಕಿ ಹೊಡೆದಿದ್ದ ನಾನು, ಅರ್ಥ ಹೇಳುವ ಕೆಲಸ ನನಗೆ ಬಿಡಿ ಎಂದೆ. ಫೇಲಾದವನಿಗಿರುವ ಧೈರ್ಯ ಪಾಸಾದವನಿಗೆ ಎಲ್ಲಿಂದ ಬರಬೇಕು?

ನನ್ನ ನಿಘಂಟು ಸರಳ. ಕಿವಿಗೆ ಯಾವ ಕನ್ನಡ ಬೀಳುತ್ತದೋ ಅದೇ ಅರ್ಥ. ನಾಯಕ 'ನೋ ನೋ' ಎಂದರೆ ಅವನಿಗೆಲ್ಲೋ ನೋವು. ನಾಯಕಿಯನ್ನು ನೋಡಿ 'ಹನಿ' ಎಂದರೆ ಬಾಯಾರಿಕೆ, ಒಂದು ಹನಿ ನೀರು ಕೇಳುತ್ತಿದ್ದಾನೆ. ಅವಳು ನೀರಿನ ಬದಲು ಮುತ್ತು ಕೊಟ್ಟಾಗ ಗಂಡಸರ ಕಡೆಯಿಂದ ಸಿಳ್ಳೆ, ಹೆಂಗಸರ ಕಡೆಯಿಂದ ಸೆರಗಿನೊಳಗಿನ ನಗು. ಡೇರೆಯ ತೂತುಗಳಲ್ಲಿ ಸಂಜೆಯ ಆಕಾಶ, ಕೆಳಗೆ ತಣ್ಣನೆಯ ಮರಳು, ನಡುವೆ ಬೆಳಕಿನ ಕೋಲಿನಲ್ಲಿ ಈಜುವ ಬೀಡಿಯ ಹೊಗೆ. ಈಗಲೂ ಕಣ್ಣು ಮುಚ್ಚಿದರೆ ನನಗೆ ಅಮೆರಿಕ ಕಾಣುವುದು ಆ ಹೊಗೆಯೊಳಗಿಂದಲೇ.

ತೀರ್ಪು ಕೊಡುವುದರಲ್ಲಿ ನಮ್ಮವರು ಯಾವ ವಿಮರ್ಶಕನಿಗೂ ಕಡಿಮೆಯಿರಲಿಲ್ಲ. ಜಟಕಾ ಓಡಿಸುತ್ತಿದ್ದ ನನ್ನ ಗೆಳೆಯ ಬಶೀರನಿಗೆ ಚಿತ್ರವೆಂದರೆ ಕುದುರೆ. ತೆರೆಯ ಮೇಲಿನ ವೀರ ಮೂರು ಬೆಟ್ಟ ದಾಟಿ, ಹತ್ತು ಜನರನ್ನು ಉರುಳಿಸಿ ಬಂದರೂ ಇವನದು ಒಂದೇ ಪ್ರಶ್ನೆ: 'ಕುದ್ರೆಗೆ ನೀರು ತೋರ್ಸಿದ್ನಾ?' ತೋರಿಸದಿದ್ದರೆ ಚಿತ್ರ ಫೇಲು. ಹಿಂದಿನ ಲಾಕ್ಷಣಿಕರು ಕೃತಿಯಲ್ಲಿ ಹುರುಳು ಹುಡುಕಿದರು. ಬಶೀರ ಹುರುಳಿ ಹುಡುಕಿದ. ಒಂದು ಕೊಂಬಿನ ವ್ಯತ್ಯಾಸ, ಅಷ್ಟೇ.

ಆ ವಾರ ಬಂದದ್ದು ಮಾತ್ರ ಕುದುರೆಯಿಲ್ಲದ ಚಿತ್ರ. ಕೊನೆಗೆ ಒಂದು ರೈಲು ನಿಲ್ದಾಣ, ದಟ್ಟ ಮಂಜು. ನಾಯಕಿ ಕಿಟಕಿಯಿಂದ ಮುಖ ಚಾಚಿ 'ಗುಡ್ ಬೈ' ಎಂದಳು. ನಾಯಕ ಟೋಪಿಯನ್ನು ಕೈಯಲ್ಲಿ ಹಿಡಿದು ಸುಮ್ಮನೆ ನಿಂತ. ರೈಲು ಅಲುಗಿತು. ಮುಂದುಗಡೆ ಮರಳಿನಲ್ಲಿ ಕೂತಿದ್ದ ಬಶೀರ ನನ್ನ ಪಂಚೆ ಜಗ್ಗಿ ಅವಳು ಏನಂದಳೆಂದು ಕೇಳಿದ. ಅವನು ತಂಗಿಯನ್ನು ಗಂಡನ ಮನೆಗೆ ರೈಲು ಹತ್ತಿಸಿ ಬಂದ ವಾರ ಅದು.

ನಾನು ಮೈಕಿನಲ್ಲಿ ಹೇಳಿದೆ: 'ಗುಡ್ ಅಂದ್ರೆ ಚೆಂದಾಗಿ. ಚೆಂದಾಗಿ ಬೈ ಅಂತಾವ್ಳೆ. ತಪ್ಪು ನಂದೇ, ಬೈದ್ಬುಡು, ಇಳ್ದು ಬತ್ತೀನಿ ಅಂತಾವ್ಳೆ. ಇವನ್ಗೆ ಬೈಯಾಕೆ ಬಾಯೇ ಬತ್ತಿಲ್ಲ.'

ಡೇರೆಗೆ ಡೇರೆಯೇ ಮೂಗು ಸೀಟಿತು. ಬಶೀರ ತೆರೆಯ ಕಡೆ ಬಾಗಿ, ಮೆಲ್ಲಗೆ, 'ಬೈಯ್ಲಾ, ಬತ್ತಾಳೆ' ಎಂದ.

ಮುಂದಿನ ಭಾನುವಾರ ಬಿಂಡಿಗನವಿಲೆಗೆ ಹೆಣ್ಣು ನೋಡಲು ಹೋದೆವು. ಹುಡುಗಿ ಜಯಮ್ಮನ ಫೋಟೋ ನೋಡಿದಾಗಲೇ ನಾನು ಮುಳುಗಿಹೋಗಿದ್ದೆ. ಅವರಪ್ಪನದು ಒಂದೇ ಷರತ್ತು, ಗಂಡಿಗೆ ಇಂಗ್ಲಿಷು ಬರಬೇಕು. ಬರುತ್ತದೆ ಎಂದು ನಮ್ಮ ಸೋದರಮಾವ ಎದೆ ತಟ್ಟಿಕೊಂಡಿದ್ದರು. ಹುಡುಗಿ ನಾಗಮಂಗಲದಲ್ಲಿ ಹೈಸ್ಕೂಲು ಓದಿದವಳು ಎಂದು ಗೊತ್ತಿತ್ತು. ಹಿಂದಿನ ವಾರ ಪಾಂಡವಪುರದ ಅತ್ತೆ ಮನೆಗೆ ಬಂದಿದ್ದವಳು, ಡೇರೆಯ ಹೆಂಗಸರ ಕಡೆ ಕೂತು ನನ್ನ ಅರ್ಥವನ್ನೆಲ್ಲ ಕೇಳಿಸಿಕೊಂಡವಳು ಎಂದು ಯಾರೂ ಹೇಳಿರಲಿಲ್ಲ. ಕಾಫಿ ಲೋಟ ಇಟ್ಟವಳು, ಅಂದು ಅಲ್ಲಿಗೆ ಬಂದಿದ್ದ ಆ ಅತ್ತೆಯ ಕಿವಿಯಲ್ಲಿ, ಆದರೆ ನಡುಮನೆಗೆಲ್ಲ ಕೇಳುವಂತೆ, 'ಗುಡ್ ಬೈ ಅಂದ್ರೆ ಏನು ಅಂತ ಕೇಳು ಅತ್ತೆ' ಎಂದಳು.

ಅವಳ ತುಟಿಯ ಅಂಚಿನ ನಗು ಕಂಡಾಗಲೇ ನನ್ನ ಅರ್ಥದಲ್ಲೇನೋ ಐಬಿದೆ ಎಂದು ಹೊಳೆಯಿತು. ಬದಲಿಸಲು ಇನ್ನೊಂದು ಅರ್ಥ ನನ್ನ ಬಳಿ ಎಲ್ಲಿತ್ತು? ಚೆನ್ನಾಗಿ ಬೈ ಅಂತ, ಎಂದುಬಿಟ್ಟೆ. ಇಂಗ್ಲಿಷು ಬಾರದ ಅವರಪ್ಪ ಮಗಳ ಮುಖ ನೋಡಿದರು. ಅವಳು ಹೂಂ ಎಂದರೆ ಮದುವೆ, ಊಹೂಂ ಎಂದರೆ ನಾಗಮಂಗಲದ ಬಸ್ಸು.

'ಸರ್ಯಾಗೇ ಯೋಳವ್ರೆ ಬುಡಪ್ಪ' ಎಂದಳು ಜಯಮ್ಮ.

ಯಾಕೆ ಹಾಗೆಂದೆ ಎಂದು ಮದುವೆಯಾದ ಮೇಲೆ ಕೇಳಿದೆ. ಬೈಸಿಕೊಳ್ಳಲು ಆಸೆಪಡುವ ಗಂಡು ಇನ್ನೆಲ್ಲಿ ಸಿಗಬೇಕು ಎಂದಳು. ಅಂದು ಹಿಡಿದ ಕೆಲಸವನ್ನು ಅವಳು ಒಂದು ದಿನವೂ ತಪ್ಪಿಸಿಲ್ಲ.

ಮೊನ್ನೆ ಟಿವಿಯಲ್ಲಿ ಅದೇ ಚಿತ್ರ ಬಂತು, ಅಡಿಯಲ್ಲಿ ಕನ್ನಡದ ಸಾಲುಗಳ ಸಮೇತ. ನಾನು, ಜಯಮ್ಮ, ಮೈಸೂರಿನಲ್ಲಿ ಲಾ ಓದುವ ಮೊಮ್ಮಗಳು ಮೂವರೂ ಕೂತೆವು. ಮೊಮ್ಮಗಳು ಅರ್ಧ ಗಂಟೆಯಲ್ಲೇ ತೀರ್ಪು ಕೊಟ್ಟಳು. ಇವನು ಎಲ್ಲದಕ್ಕೂ ತಾನೇ ನಿರ್ಧಾರ ಮಾಡುತ್ತಾನಂತೆ, ಅವಳಿಗೆ ಏನು ಬೇಕೆಂದು ಒಬ್ಬನೂ ಕೇಳುವುದಿಲ್ಲವಂತೆ. ಪಕ್ಕದಲ್ಲಿ ಬಶೀರನೇ ಬಂದು ಕೂತ ಹಾಗಾಯಿತು. ಅವನು ಕುದುರೆಯ ಪರ ಕೇಳಿದ, ಇವಳು ಹೆಣ್ಣಿನ ಪರ ಕೇಳುತ್ತಾಳೆ. ಕೇಳಲಿ. ಚಿತ್ರದಲ್ಲಿ ಯಾರಿಗೆ ನೀರು ತೋರಿಸಲಿಲ್ಲವೆಂದು ಪ್ರತಿ ಕಾಲದವರೂ ಕೇಳಬೇಕಾದ್ದೇ.

ನನ್ನ ಬೆರಗು ಬೇರೆಯದು. ನಿಲ್ದಾಣ ಬಂತು, ರೈಲು ಬಂತು, ಮಂಜು ಮಾತ್ರ ಬರಲಿಲ್ಲ. ಇಷ್ಟು ವರ್ಷ ನನ್ನ ಕನಸಿನಲ್ಲಿ ಕವಿಯುತ್ತಿದ್ದ ಆ ಮಂಜು ನಮ್ಮ ಡೇರೆಯ ಬೀಡಿ ಹೊಗೆಯೇ ಇರಬೇಕು.

ನಾಯಕಿ ಕಿಟಕಿಯಿಂದ ಮುಖ ಚಾಚಿದಳು. ತೆರೆಯ ಅಡಿಯಲ್ಲಿ 'ವಿದಾಯ' ಎಂದು ಮೂಡಿತು. ಜಯಮ್ಮ ಕನ್ನಡಕ ಸರಿಮಾಡಿಕೊಂಡು ಮೊಮ್ಮಗಳಿಗೆ ಹೇಳಿದಳು: 'ತಪ್ಪು ಬರ್ದವ್ರೆ ಕಣವ್ವ. ಚೆಂದಾಗಿ ಬೈ ಅಂತಾವ್ಳೆ ಅವ್ಳು.'

ಇಷ್ಟೆಲ್ಲ ಹೇಳಿದ್ದರಲ್ಲಿ ನಾನು ಕಟ್ಟಿ ಹೇಳಿದ್ದು ಒಂದೇ ಒಂದು ಸಂಗತಿ. ಇಂಗ್ಲಿಷಿನಲ್ಲಿ ನಾನು ಫೇಲಾಗಿರಲಿಲ್ಲ, ಸ್ಕೂಲಿಗೇ ಮೊದಲು ಬಂದಿದ್ದೆ. ಗುಡ್ ಬೈ ಎಂದರೇನೆಂದು ಡೇರೆಯಲ್ಲೂ ಗೊತ್ತಿತ್ತು, ಬಿಂಡಿಗನವಿಲೆಯಲ್ಲೂ ಗೊತ್ತಿತ್ತು. ತಂಗಿಯನ್ನು ಕಳಿಸಿ ಬಂದ ಬಶೀರ ಪಂಚೆ ಹಿಡಿದು ಕೇಳಿದಾಗ ನಿಜ ಹೇಳಲು ಬಾಯಿ ಬರಲಿಲ್ಲ. ಅವನಿಗೆ ಹೇಳಿದ ಅರ್ಥವನ್ನು ಹೆಣ್ಣಿನಾಸೆಗೆ ಬದಲಿಸಲು ಮನಸ್ಸೂ ಬರಲಿಲ್ಲ. ಜಯಮ್ಮನಿಗೆ ಇದನ್ನು ಇನ್ನೂ ಹೇಳಿಲ್ಲ. ನೀವೂ ಹೇಳಬೇಡಿ. ಇಷ್ಟು ವರ್ಷ ನನ್ನ ದಡ್ಡತನಕ್ಕೆಂದು ಬೈದದ್ದನ್ನೆಲ್ಲ ವಾಪಸ್ ತೆಗೆದುಕೊಂಡುಬಿಟ್ಟಾಳು.