ಮೊದಲ ಹನಿ ನನ್ನದೇ

ಸವಣೂರಿನ ಶಿಬಿರದಲ್ಲಿ ರಕ್ತ ತಪಾಸಣೆಯ ಹೊಸ ಯಂತ್ರ ಹಿಡಿದು ಕೂತಿದ್ದೆ. ಬೆರಳಿನ ಒಂದು ಹನಿ ಸಾಕು. ರಕ್ತಹೀನತೆ ಇದ್ದರೆ ಕನ್ನಡದಲ್ಲೇ ಹೇಳುತ್ತದೆ, ಡಾಕ್ಟರ ಫೋನಿಗೂ ತಾನೇ ಕಳಿಸುತ್ತದೆ. ಇಷ್ಟು ಬಣ್ಣಿಸಿದರೂ ಒಬ್ಬ ಹೆಂಗಸೂ ಬೆರಳು ಕೊಡಲಿಲ್ಲ.

ವೀಳ್ಯದೆಲೆ ಮಾರುವ ಖಾತೂನಬಿ ಎದ್ದು ಬಂದರು. "ಎಲಿ ಮಾರೂ ಮುಂದ ನಾನ ಒಂದು ತಿಂದು ತೋರಸ್ತೇನಿ. ನೀನೂ ಮೊದಲ ನಿನ್ನ ರಕ್ತ ತಗಿ, ಬೇಟಿ" ಅಂದರು. ಅಷ್ಟಕ್ಕೇ ಬಿಡದೆ ನನ್ನ ಕಣ್ಣಿನ ಕೆಳರೆಪ್ಪೆ ಎಳೆದು ನೋಡಿ, "ಮೈಯಾಗ ರಕ್ತನ ಇಲ್ಲಲ್ಲ!" ಎಂದು ತೀರ್ಪು ಕೊಟ್ಟರು.

ನನಗೆ ರೇಗಿತು. ಚುಚ್ಚಿಕೊಂಡೆ. ಯಂತ್ರ ಇಡೀ ಸಭೆಗೆ ಕೇಳುವಂತೆ ಸಾರಿತು: "ರಕ್ತಹೀನತೆ ಇದೆ. ಸೊಪ್ಪು ತಿನ್ನಿ."

ಹೆಂಗಸರು ಬಿದ್ದು ಬಿದ್ದು ನಕ್ಕರು, ನಾನೂ ನಕ್ಕೆ. ತಂದವಳ ಮರ್ಯಾದೆಯನ್ನೇ ತೆಗೆದ ಯಂತ್ರ ಸುಳ್ಳು ಹೇಳಲಾರದೆಂದು ನಂಬಿ ಎಲ್ಲರೂ ಬೆರಳು ಚಾಚಿದರು. ಶಿಬಿರದ ಮೊದಲ ರೋಗಿಯಾಗಿ ನನ್ನ ಹೆಸರು ಆಗಲೇ ಡಾಕ್ಟರಿಗೆ ಹೋಗಿತ್ತು.

ಈಗ ದಿನಾ ಡಾಕ್ಟರ ಕಡೆಯಿಂದ ಫೋನಿಗೆ ಮೆಸೇಜು ಬರುತ್ತದೆ: ಗುಳಿಗೆ ನುಂಗಿದಿರಾ? ಮರೆತ ದಿನವೂ 'ಹೌದು' ಒತ್ತಿ ಪಾರಾಗುತ್ತೇನೆ. ಆದರೆ ಪ್ರತಿ ಶುಕ್ರವಾರ ಖಾತೂನಬಿಯ ವಿಡಿಯೋ ಕಾಲ್ ಬರುತ್ತದೆ: "ಬೇಟಿ, ಕಣ್ಣ ರೆಪ್ಪಿ ಎಳದು ತೋರ್ಸು."